ಆರು ಹಲ್ಲು ಮತ್ತು ಅಮ್ಮ ಕೊಟ್ಟ ಮಾತ್ರೆ

ಆ ಕೇಸು ಬಂದಾಗ ಪೇಶೆಂಟೂ ಜೊತೆಗೇ ಬಂದಿದ್ದರು. ಇದು ಅಪರೂಪ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಅಂಚಿನಲ್ಲಿರುವ ನಮ್ಮ ಡೆಂಟಲ್ ಲ್ಯಾಬಿಗೆ ಸಾಮಾನ್ಯವಾಗಿ ಬರುವುದು ಹಲ್ಲಿನ ಅಚ್ಚು ಮತ್ತು ಡೆಂಟಿಸ್ಟರ ಒಂದು ಚೀಟಿ ಮಾತ್ರ. ನಾವು ಪಿಂಗಾಣಿಯ ಕ್ಯಾಪು ಮಾಡಿ ಕಳಿಸುತ್ತೇವೆ, ಅದು ಯಾರ ಬಾಯಿಗೆ ಹೋಯಿತೆಂದು ನಮಗೆ ತಿಳಿಯುವುದಿಲ್ಲ. ಆದರೆ ಇದು ಮೇಲಿನ ಸಾಲಿನ ಮುಂದಿನ ಆರೂ ಹಲ್ಲುಗಳ ಕೇಸು. ಬಣ್ಣವನ್ನು ನೀವೇ ಕಣ್ಣಾರೆ ನೋಡಿಬಿಡಿ ಎಂದು ಡೆಂಟಿಸ್ಟ್ ಪೇಶೆಂಟನ್ನೇ ಕಳಿಸಿದ್ದರು.

ಆಕೆ ಸಿಟಿ ಬಸ್ಸಿನ ಕಂಡಕ್ಟರ್. ಡ್ರೈವರ್ ಜೋರಾಗಿ ಬ್ರೇಕ್ ಹಾಕಿದಾಗ ಕಂಬಕ್ಕೆ ಮುಖ ಬಡಿದು ಮುಂದಿನ ಹಲ್ಲುಗಳು ಮುರಿದಿದ್ದವು. ತಾತ್ಕಾಲಿಕವಾಗಿ ಕೂರಿಸಿದ್ದ ಪ್ಲಾಸ್ಟಿಕ್ ಹಲ್ಲುಗಳು ಸ್ಟಾಪಿನ ಹೆಸರು ಕೂಗಿದಾಗಲೆಲ್ಲ ಸಡಿಲವಾಗುತ್ತಿದ್ದವಂತೆ. ಮಾಸ್ಕ್ ತೆಗೆಯಲು ಹಿಂಜರಿದರು. ತೆಗೆದ ಮೇಲೂ ಅಂಗೈ ಬಾಯಿಗೆ ಅಡ್ಡವಾಗಿಯೇ ಇತ್ತು.

"ಮೇಡಂ, ಹೊಸಾ ಹಲ್ಲು ಅಂತ ಯಾರಿಗೂ ಗೊತ್ತಾಗ್ಬಾರ್ದು. ನನ್ದು ಹೆಂಗಿತ್ತೋ ಹಂಗೇ ಇರ್ಲಿ," ಎಂದು ಮೊಬೈಲಿನಲ್ಲಿದ್ದ ಹಳೆಯ ಫೋಟೋ ಒಂದನ್ನು ತೋರಿಸಿ, ಲ್ಯಾಬಿನ ನಂಬರಿಗೂ ಕಳಿಸಿದರು. ಯಾರದೋ ನಾಮಕರಣದಲ್ಲಿ ಬಾಯಿತುಂಬ ನಗುತ್ತಿದ್ದ ಫೋಟೋ. ಎಡಗಡೆಯ ಒಂದು ಹಲ್ಲು ಪಕ್ಕದ ಹಲ್ಲಿನ ಮೇಲೆ ತುಸು ಏರಿ ಕೂತಿತ್ತು.

ಬಣ್ಣ ನೋಡುವುದಕ್ಕೆ ಒಂದು ಕ್ರಮವಿದೆ. ಕಿಟಕಿಯ ಪಕ್ಕ, ಬೆಳಗಿನ ಬೆಳಕಿನಲ್ಲಿ ಕೂರಿಸಬೇಕು. ಹಲ್ಲು ಒದ್ದೆಯಾಗಿರಬೇಕು, ಒಣಗಿದರೆ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಮಾದರಿ ಹಲ್ಲುಗಳ ಗೊಂಚಲನ್ನು ಪಕ್ಕಕ್ಕೆ ಹಿಡಿದು ಒಂದೇ ನೋಟದಲ್ಲಿ ತೀರ್ಮಾನಿಸಬೇಕು. ದಿಟ್ಟಿಸುತ್ತ ಕೂತರೆ ಕಣ್ಣು ಸೋತು ಎಲ್ಲ ಬಿಳಿಯೂ ಒಂದೇ ಆಗಿಬಿಡುತ್ತದೆ. ಆಗ ಬೂದುಬಣ್ಣದ ರಟ್ಟನ್ನು ನೋಡಿ ಕಣ್ಣಿಗೆ ವಿಶ್ರಾಂತಿ ಕೊಟ್ಟು ಮತ್ತೆ ನೋಡಬೇಕು. ಆಕೆಯ ಕೆಳಗಿನ ಹಲ್ಲುಗಳು ಬುಡದಲ್ಲಿ ಜೇನಿನ ಛಾಯೆ, ತುದಿಯಲ್ಲಿ ನಸುಬೂದು. ನಾನು ಹಾಗೆಯೇ ಗುರುತು ಹಾಕಿಕೊಂಡೆ. ಗುರುತು ಹಾಕುವಾಗ ನನ್ನ ಕೈ ಸಣ್ಣಗೆ ನಡುಗುತ್ತಿತ್ತು. ಅದು ಎಂದಿನದೇ.

ನನಗೆ ಬೈಪೋಲಾರ್ ಕಾಯಿಲೆ ಇದೆ. ಮನಸ್ಸು ಕೆಲವು ಕಾಲ ಮಿತಿಮೀರಿ ಏರುತ್ತದೆ, ಕೆಲವು ಕಾಲ ಹಾಸಿಗೆಯಿಂದ ಏಳಲಾಗದಷ್ಟು ಇಳಿಯುತ್ತದೆ. ಎರಡು ಸಲ ಆಸ್ಪತ್ರೆ ಸೇರಿದ್ದೇನೆ. ಆಮೇಲೆ ಲಿಥಿಯಂ ಮಾತ್ರೆ ಹಿಡಿಸಿತು. ವರ್ಷಗಳಿಂದ ನೆಲದ ಮೇಲೆ ನಿಂತಿದ್ದೆ. ಕೈ ನಡುಕ ಆ ಮಾತ್ರೆಯದೇ ಉಪದ್ರವ. ಬೆರಳ ತುದಿಯಲ್ಲಿ ಮಾಡುವ ನನ್ನ ಕೆಲಸಕ್ಕೆ ಅದು ಸಣ್ಣ ತೊಡಕಲ್ಲ. ಆದರೂ ಮೊಣಕೈ ಎರಡನ್ನೂ ಬೆಂಚಿಗೆ ಊರಿ, ಎರಡೂ ಕೈಯ ಕಿರುಬೆರಳುಗಳನ್ನು ಒಂದಕ್ಕೊಂದು ಆನಿಸಿದರೆ ಬ್ರಷ್ಷು ಹೇಳಿದ ಮಾತು ಕೇಳುತ್ತಿತ್ತು. ಲ್ಯಾಬಿನಲ್ಲಿ ಯಾರಿಗೂ ವಿಷಯ ತಿಳಿಸಿರಲಿಲ್ಲ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಗೊತ್ತಾದ ಮರುದಿನವೇ ಪಿಂಗಾಣಿ ಕೆಲಸ ಬಿಡಿಸಿ ಪ್ಯಾಕಿಂಗಿಗೆ ಕೂರಿಸಿದ್ದರು.

ಶ್ರೀಗಂಧದ ಕಾವಲ್‌ನ ಮನೆಯಲ್ಲಿ ನಾನು, ಅಮ್ಮ, ಅಣ್ಣ, ಅತ್ತಿಗೆ. ಎರಡನೇ ಸಲ ಆಸ್ಪತ್ರೆಯಿಂದ ಬಂದಾಗ, ಮಾತ್ರೆ ತಪ್ಪದಂತೆ ಮನೆಯವರು ನೋಡಿಕೊಳ್ಳಲಿ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಮಾತ್ರೆ ಡಬ್ಬಿ ಅಮ್ಮನ ಬಳಿ. ಸಂಜೆ ಊಟವಾದ ಮೇಲೆ ಅಮ್ಮ ಕೈಗೆ ಹಾಕುತ್ತಿದ್ದಳು, ನಾನು ನುಂಗುತ್ತಿದ್ದೆ. ಮಾತ್ರೆ ಕೊಡುತ್ತಿದ್ದರೂ ಅಮ್ಮನಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಅಣ್ಣನ ಪ್ರಕಾರವಂತೂ ನನ್ನ ಮಾತ್ರೆ ಬರೀ ಒಂದು ಚಟ. ಯೋಗ ಮಾಡು, ಬೆಳಿಗ್ಗೆ ಬೇಗ ಏಳು, ಮನಸ್ಸು ಗಟ್ಟಿ ಮಾಡಿಕೋ ಎನ್ನುವುದು ಅವನ ಔಷಧಿ.

ಕಂಡಕ್ಟರ್ ಕೇಸು ಬಂದ ವಾರವೇ ಕೆಂಗೇರಿಯ ಕಡೆಯಿಂದ ಒಂದು ಸಂಬಂಧದ ಮಾತು ಬಂತು. ಗಂಡಿನವರು ತಿಂಗಳೊಪ್ಪತ್ತಿನಲ್ಲಿ ಬರುವವರಿದ್ದರು. ಕಾಯಿಲೆಯ ವಿಷಯ ಅವರಿಗೆ ಹೇಳಬೇಕು ಎಂದೆ. ಅಣ್ಣ ಟಿವಿಯ ಸದ್ದು ಕಡಿಮೆ ಮಾಡಿ ನನ್ನ ಕಡೆ ತಿರುಗಿ ಕೂತ.

"ಅವ್ರ ಮುಂದೆ ಕಾಫಿ ಲೋಟ ಹಿಡ್ಕೊಂಡು ನಡುಗ್ತಾ ನಿಂತ್ರೆ ಚೆನ್ನಾಗಿರುತ್ತಾ? ಎಂಗೇಜ್‌ಮೆಂಟ್ ಆಗೋವರ್ಗೂ ಮಾತ್ರೆ ನಿಲ್ಸು. ಆಮೇಲೆ ಬೇಕಾದ್ರೆ ತಗೊಳ್ಳುವಂತೆ."

ನಿಲ್ಲಿಸುವುದಿಲ್ಲ ಎಂದೆ. ಅವನು ಮತ್ತೆ ಸದ್ದು ಜೋರು ಮಾಡಿದ. ಅಡುಗೆಮನೆಯಲ್ಲಿ ಅಮ್ಮ ನಲ್ಲಿ ನಿಲ್ಲಿಸಿ ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದಳು. ಅತ್ತಿಗೆ ಬಟ್ಟೆ ಮಡಚುತ್ತಿದ್ದವಳು ನನ್ನ ಮುಖ ನೋಡಿ ತಲೆ ತಗ್ಗಿಸಿದಳು.

ಲ್ಯಾಬಿನಲ್ಲಿ ಕೆಲಸ ಶುರುವಾಯಿತು. ನಮ್ಮಲ್ಲಿ ಮೇಣದ ಕೆಲಸ ನೋಡಿಕೊಳ್ಳುವವರು ಒಬ್ಬ ಹಿರಿಯ ಸಹೋದ್ಯೋಗಿ. ಎಲ್ಲರೂ ಅವರನ್ನು ಅಕ್ಕ ಎನ್ನುತ್ತೇವೆ. ಗಂಡ ತೀರಿಕೊಂಡ ಮೇಲೆ ಬಸವೇಶ್ವರನಗರದ ಮನೆಯಲ್ಲಿ ಒಬ್ಬರೇ ಇದ್ದಾರೆ. ಅಕ್ಕ ಅಚ್ಚಿನ ಮೇಲೆ ಮೇಣದಲ್ಲಿ ರೂಪ ಕೊಟ್ಟರು, ಅದು ಎರಕವಾಗಿ ಲೋಹದ ತೆಳುವಾದ ಆರು ಕವಚಗಳಾದವು. ಕ್ಲಿನಿಕ್ಕಿಗೆ ಹೋಗಿ, ಬಾಯಿಯಲ್ಲಿ ಸರಿಯಾಗಿ ಕೂರುತ್ತದೆಂದು ಖಾತ್ರಿಯಾಗಿ ಬಂದವು. ಇನ್ನು ಅವುಗಳ ಮೇಲೆ ಪಿಂಗಾಣಿ ಏರಿಸುವುದು ನನ್ನ ಪಾಲು.

ಆ ಹೊತ್ತಿಗೆ ನನ್ನ ಕೈ ನಡುಗುವುದು ನಿಂತುಹೋಗಿತ್ತು. ಒಂದು ಬೆಳಿಗ್ಗೆ ಬ್ರಷ್ಷು ಹಿಡಿದಾಗ ಗಮನಿಸಿದೆ: ನಡುಕವೇ ಇಲ್ಲ. ಮೊಣಕೈ ಊರದೆಯೂ ಗೆರೆ ನೇರ ಬರುತ್ತಿತ್ತು. ದೇಹ ಕೊನೆಗೂ ಮಾತ್ರೆಗೆ ಹೊಂದಿಕೊಂಡಿತು ಎಂದುಕೊಂಡು ಎಷ್ಟು ಖುಷಿಪಟ್ಟೆನೆಂದರೆ ಮೆಜೆಸ್ಟಿಕ್ಕಿನ ಕಡೆ ಹೋಗಿ ಎಲ್ಲರಿಗೂ ಸಿಹಿ ತಂದೆ. ಮನೆಯಲ್ಲೂ ಎಲ್ಲರೂ ನನ್ನನ್ನು ಹೊಗಳುವವರೇ. ಬೆಳಕು ಹರಿಯುವ ಮೊದಲೇ ಎದ್ದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದಿಟ್ಟೆ. ಮೊದಲ ಬಸ್ಸು ಹಿಡಿದು ಲ್ಯಾಬಿಗೆ ಹೋಗಿ ಬೀಗ ತೆರೆಯುವವರಿಗಾಗಿ ಮೆಟ್ಟಿಲ ಮೇಲೆ ಕಾಯುತ್ತಿದ್ದೆ. ನಿದ್ದೆ ಕಮ್ಮಿಯಾಗಿತ್ತು, ದಣಿವು ಇರಲಿಲ್ಲ. ಹಾಸಿಗೆಯಲ್ಲಿ ಮಲಗಿರುವುದೇ ವ್ಯರ್ಥ ಅನ್ನಿಸುತ್ತಿತ್ತು.

ಪಿಂಗಾಣಿ ಪುಡಿಯನ್ನು ಗಾಜಿನ ಹಲಗೆಯ ಮೇಲೆ ದ್ರವದಲ್ಲಿ ಕಲಸಿ, ಬ್ರಷ್ಷಿನಿಂದ ಪದರ ಪದರವಾಗಿ ಇಡಬೇಕು. ಮೆಲ್ಲಗೆ ತಟ್ಟಿದರೆ ನೀರು ಮೇಲಕ್ಕೆ ಬರುತ್ತದೆ, ಅದನ್ನು ಟಿಶ್ಯೂವಿನಲ್ಲಿ ಹೀರಬೇಕು. ಕುಲುಮೆಯಲ್ಲಿ ಕುಗ್ಗುವುದರಿಂದ ಇರಬೇಕಾದ್ದಕ್ಕಿಂತ ದಪ್ಪನಾಗಿ ಕಟ್ಟಬೇಕು. ಅವಸರ ಸಲ್ಲದ ಕೆಲಸ. ನಾನು ಆರನ್ನೂ ಅಚ್ಚರಿಯಾಗುವಷ್ಟು ಬೇಗ ಮುಗಿಸಿದೆ. ಮುಗಿಸುವ ನಡುವೆ ನನಗೊಂದು ಯೋಚನೆ ಬಂತು. ಈ ಹೆಂಗಸು ತನ್ನ ಹಳೆಯ ಹಲ್ಲನ್ನೇ ಕೇಳುತ್ತಿರುವುದು ಒಳ್ಳೆಯದನ್ನು ಕೇಳುವ ಧೈರ್ಯವಿಲ್ಲದ್ದಕ್ಕೆ, ನಾನು ಆಕೆಗೆ ಒಳ್ಳೆಯದನ್ನೇ ಕೊಡಬೇಕು. ಗುರುತು ಮಾಡಿಟ್ಟ ಬಣ್ಣವನ್ನು ಬದಿಗಿಟ್ಟು ತೀರ ಬಿಳಿಯ ಪುಡಿ ತೆಗೆದುಕೊಂಡೆ. ಏರಿ ಕೂತಿದ್ದ ಹಲ್ಲನ್ನು ಸಾಲಿಗೆ ಸರಿಯಾಗಿ ನೆಟ್ಟಗೆ ಕೂರಿಸಿದೆ. ಇಂಥ ಕೆಲಸ ಈ ಊರಿನಲ್ಲಿ ಬೇರೆ ಯಾರಿಗೂ ಬರುವುದಿಲ್ಲ ಎಂದು ನಿಜವಾಗಿಯೂ ನಂಬಿದ್ದೆ.

ಹೊಳಪು ಕೊಡುವ ಮುನ್ನ ಬಾಯಿಯಲ್ಲಿಟ್ಟು ನೋಡಲು ಕಳಿಸುತ್ತೇವೆ. ಕೇಸು ಸಂಜೆಯೊಳಗೆ ವಾಪಸು ಬಂತು. ಕಂಡಕ್ಟರ್ ಕನ್ನಡಿ ನೋಡಿ, ಇದು ಬೇರೆಯವರ ಬಾಯಿ ಎಂದರಂತೆ. ಡೆಂಟಿಸ್ಟು ಫೋನಿನಲ್ಲಿ ನಮ್ಮ ಮಾಲೀಕರಿಗೆ ಖಾರವಾಗಿಯೇ ಹೇಳಿದ್ದರು.

ನಾನು ಡೆಂಟಿಸ್ಟಿಗೆ ಕಣ್ಣಿಲ್ಲ ಎಂದೆ. ಪೇಶೆಂಟಿಗೆ ರುಚಿಯಿಲ್ಲ ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ, ನಿಮ್ಮ ಲ್ಯಾಬು ನನ್ನಿಂದ ನಡೆಯುತ್ತಿದೆ ಎಂದೂ ಮಾಲೀಕರಿಗೆ ಹೇಳಿದೆ. ಪಕ್ಕದಲ್ಲಿ ಹಲ್ಲು ತಿಕ್ಕಿ ಹೊಳಪಿಸುವ ಬಫಿಂಗ್ ಮೋಟಾರು ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು.

ಮಾಲೀಕರು ಮಾತಿಗೆ ಮಾತು ಬೆಳೆಸುವವರಲ್ಲ. ಮಾದರಿ ಹಲ್ಲು, ಆ ಹಳೆಯ ಫೋಟೋ, ನಾನು ಮಾಡಿದ ಕೇಸು ಮೂರನ್ನೂ ಕಿಟಕಿಯ ಬಳಿ ಇಟ್ಟು ನೀವೇ ನೋಡಿ ಎಂದರು. ಆಮೇಲೆ ಧ್ವನಿ ತಗ್ಗಿಸಿ, "ಕೆಲ್ಸದ ವಿಷ್ಯ ಬಿಡಿ. ನೀವು ಊಟ ಮಾಡ್ತಾ ಇಲ್ಲ, ಮಾತು ನಿಲ್ಲಿಸ್ತಾ ಇಲ್ಲ. ಮನೇಲಿ ಏನಾದ್ರೂ ತೊಂದ್ರೆನಾ?" ಎಂದು ಕೇಳಿದರು.

ಬೂದು ರಟ್ಟನ್ನು ಒಮ್ಮೆ ನೋಡಿ, ಆಮೇಲೆ ಹಲ್ಲಿನ ಕಡೆ ನೋಡಿದೆ. ಒಂದೇ ನೋಟ ಸಾಕಾಯಿತು. ಹಲ್ಲಿನಲ್ಲಿ ಒಂದೂ ತಪ್ಪಿಲ್ಲ, ಆದರೆ ಆ ಹೆಂಗಸು ಅದರಲ್ಲಿ ಎಲ್ಲೂ ಇರಲಿಲ್ಲ. ಮನಸ್ಸು ಏರುತ್ತಿದೆ ಎಂದು ತಿಳಿಯುವುದು ಹೇಗೆಂದು ಡಾಕ್ಟರು ಹಿಂದೆ ಹೇಳಿದ್ದು ಒಂದೊಂದಾಗಿ ನೆನಪಾಯಿತು. ನಿದ್ದೆಯಿಲ್ಲದೆಯೂ ಸುಸ್ತಾಗದಿರುವುದು, ಉಳಿದವರೆಲ್ಲ ಮಂದಬುದ್ಧಿಯವರಂತೆ ಕಾಣುವುದು. ಆದರೆ ಮಾತ್ರೆಯನ್ನು ನಾನು ಒಂದು ದಿನವೂ ತಪ್ಪಿಸಿರಲಿಲ್ಲವಲ್ಲ!

ಅಂದು ಸಂಜೆ ಅಮ್ಮ ಎಂದಿನಂತೆ ಮಾತ್ರೆ ಕೈಗೆ ಹಾಕಿದಳು. ನೀರು ಕುಡಿದ ಹಾಗೆ ಮಾಡಿ ಕೋಣೆಗೆ ಹೋಗಿ ಟ್ಯೂಬ್‌ಲೈಟಿನ ಕೆಳಗೆ ಅಂಗೈ ಬಿಡಿಸಿದೆ. ಬಿಳಿಯೇ. ಆದರೆ ನನ್ನ ಬಿಳಿ ಅಲ್ಲ. ಅದರಲ್ಲಿ ಕೆನೆಯ ಛಾಯೆ ಇತ್ತು. ನಡುವೆ ಇರಬೇಕಾದ ಗೆರೆ ಇರಲಿಲ್ಲ. ದಿನಕ್ಕೆ ನೂರು ಬಗೆಯ ಬಿಳಿ ನೋಡುವ ನನಗೆ ಇದು ಇಷ್ಟು ದಿನ ಕಾಣಲಿಲ್ಲವೇಕೆಂದು ಆಮೇಲೆ ಹಲವರು ಕೇಳಿದ್ದಾರೆ. ಅಮ್ಮನ ಕೈಯಿಂದ ಬಂದದ್ದನ್ನು ಯಾರಾದರೂ ಬೆಳಕಿಗೆ ಹಿಡಿದು ನೋಡುತ್ತಾರೆಯೇ? ನಾನು ನೋಡಿರಲಿಲ್ಲ, ಅಷ್ಟೆ.

ಹೊರಗೆ ಹೋಗಿ ಕೂಗಾಡಬೇಕು ಅನ್ನಿಸಿತು. ಬಾಗಿಲಿನವರೆಗೂ ಹೋದೆ. ಆದರೆ ಆಗಿನ ನನ್ನ ಸ್ಥಿತಿಯಲ್ಲಿ ಕೂಗಾಡಿದರೆ ಅವರಿಗೆ ಕಾಣುವುದು ಒಬ್ಬ ಹುಚ್ಚಿ ಮಾತ್ರ, ತಪ್ಪು ಅವರದಾಗಿದ್ದರೂ ಕೊನೆಗೆ ನನ್ನನ್ನೇ ಹಿಡಿದು ಕೂರಿಸುತ್ತಾರೆ. ಮೊದಲು ಡಾಕ್ಟರು, ಆಮೇಲೆ ಮನೆ. ಮಾತ್ರೆಯನ್ನು ಕರವಸ್ತ್ರದಲ್ಲಿ ಕಟ್ಟಿಟ್ಟುಕೊಂಡೆ. ಆ ಇಡೀ ಪ್ರಕರಣದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ ಬಾಗಿಲಿನಿಂದ ಹಿಂದಿರುಗಿ ಬಂದದ್ದು.

ಬೆಳಿಗ್ಗೆ ಲ್ಯಾಬಿಗೆ ಹೋಗಿ ಮಾಲೀಕರಿಗೂ ಅಕ್ಕನಿಗೂ ಎಲ್ಲವನ್ನೂ ಹೇಳಿದೆ. ಕಾಯಿಲೆಯ ಹೆಸರು, ಮಾತ್ರೆಯ ಕಥೆ, ಈಗ ನನ್ನ ಮಾತು ನಿಲ್ಲದಿರುವುದಕ್ಕೆ ಕಾರಣ. ಹೇಳುವಾಗ ನನ್ನ ಕಣ್ಣು ಪ್ಯಾಕಿಂಗ್ ಮೇಜಿನ ಕಡೆಯೇ ಹೋಗುತ್ತಿತ್ತು. ಮಾಲೀಕರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. ನಮ್ಮ ಚಿಕ್ಕಪ್ಪನಿಗೂ ಹೀಗೇ ಏನೋ ಇತ್ತು, ಮನೆಯವರು ಯಾರಿಗೂ ಹೇಳಲೇ ಇಲ್ಲ ಎಂದರು. ಆಮೇಲೆ, "ಕೇಸ್ ನಿಮ್ದೇ. ಡೆಂಟಿಸ್ಟ್ ಹತ್ರ ನಾನು ಟೈಮ್ ಕೇಳ್ತೀನಿ. ನೀವು ಹುಷಾರಾಗಿ ಬನ್ನಿ," ಎಂದರು. ಅಕ್ಕ ಆಗಲೇ ಏಪ್ರನ್ ಬಿಚ್ಚಿ ಚಪ್ಪಲಿ ಮೆಟ್ಟುತ್ತಿದ್ದರು. ಇಬ್ಬರೂ ಆಟೋ ಹಿಡಿದು ವಿಜಯನಗರದಲ್ಲಿರುವ ನನ್ನ ಡಾಕ್ಟರ ಕ್ಲಿನಿಕ್ಕಿಗೆ ಹೋದೆವು.

ಡಾಕ್ಟರು ಮಾತ್ರೆಯನ್ನು ನೋಡಿದರು, ನನ್ನನ್ನೂ ನೋಡಿದರು, ರಕ್ತ ಪರೀಕ್ಷೆಗೆ ಬರೆದರು. ರಕ್ತದಲ್ಲಿ ಲಿಥಿಯಂ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂದು ವರದಿ ಬಂತು. ಬೇಗ ಬಂದಿದ್ದೀರಿ, ಆಸ್ಪತ್ರೆ ಸೇರಬೇಕಾಗಿಲ್ಲ, ಆದರೆ ಒಬ್ಬರೇ ಇರಬಾರದು ಎಂದರು. ಅಕ್ಕ, ನಮ್ಮ ಮನೆಯ ಒಂದು ಕೋಣೆ ಖಾಲಿಯೇ ಇದೆ ಎಂದರು. ಡಾಕ್ಟರು ಅವರಿಗೆ ಏನೇನು ಗಮನಿಸಬೇಕೆಂದು ವಿವರಿಸಿದರು. ಮನೆಯಲ್ಲಿ ಮಾತನಾಡುವುದಕ್ಕೆ ನನಗೂ ಒಂದು ದಾರಿ ಹೇಳಿಕೊಟ್ಟರು: ಹೇಳಬೇಕಾದ್ದನ್ನು ಚಿಕ್ಕದಾಗಿ ಹೇಳಿ, ವಾದಕ್ಕೆ ಕೂರಬೇಡಿ, ಎದ್ದುಬಿಡಿ.

ಮನೆಗೆ ಹೋಗಿ ಊಟದ ಮೇಜಿನ ಮೇಲೆ ಆ ಮಾತ್ರೆ ಇಟ್ಟೆ. ಅಕ್ಕ ಗೇಟಿನ ಬಳಿ ನಿಂತಿದ್ದರು.

ಅಮ್ಮ ಅದನ್ನು ಬೆರಳಲ್ಲಿ ಎತ್ತಿ ನೋಡಿದಳು. "ಕ್ಯಾಲ್ಸಿಯಂ ಕಣೇ ಅದು. ವಿಷ ಏನೂ ಕೊಟ್ಟಿಲ್ಲ ನಿಂಗೆ," ಎಂದಳು.

ಅಣ್ಣ ಅವಳ ಪರವಾಗಿ ನಿಂತ. ಕೈ ನಡುಕ ನಿಂತಿತೋ ಇಲ್ಲವೋ, ಎಷ್ಟು ಚುರುಕಾಗಿ ಓಡಾಡಿಕೊಂಡಿದ್ದೆ, ಮಾತ್ರೆ ಇಲ್ಲದೆಯೂ ಇರಬಹುದು ಅಂತ ಗೊತ್ತಾಯಿತಲ್ಲ ಎಂದು ಒಂದೇ ಸಮನೆ ಹೇಳಿದ.

"ನಿಮಗೆಲ್ಲ ಇಷ್ಟ ಆಯ್ತಲ್ಲಣ್ಣ, ಆ ಚುರುಕು, ಅದೇ ನನ್ನ ಕಾಯ್ಲೆ," ಎಂದೆ.

ಇನ್ನು ಮೇಲೆ ಮಾತ್ರೆ ನನ್ನ ಬಳಿಯೇ ಇರುತ್ತದೆ, ಕೆಂಗೇರಿಯವರಿಗೆ ನಿಜ ಹೇಳದೆ ನಾನು ಅವರ ಮುಂದೆ ಬರುವುದಿಲ್ಲ, ಸದ್ಯ ಬಸವೇಶ್ವರನಗರದಲ್ಲಿ ಇರುತ್ತೇನೆ ಎಂದು ಹೇಳಿ ಎದ್ದೆ. ಅಮ್ಮ ಅಳತೊಡಗಿದಳು. ಮತ್ತೆ ಕೂತುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಅತ್ತಿಗೆ ಒಳಗಿನಿಂದ ನನ್ನ ಬಟ್ಟೆಯ ಬ್ಯಾಗು, ಲಿಥಿಯಂ ಡಬ್ಬಿ ಎರಡನ್ನೂ ತಂದು, ಸ್ಕೂಟರಿನ ಕೀ ತೆಗೆದುಕೊಂಡು, "ನಡಿ, ನಾನು ಬಿಡ್ತೀನಿ," ಎಂದಳು. ಆ ಮನೆಯಲ್ಲಿ ಅವಳು ಅಣ್ಣನ ಮಾತಿಗೆ ಎದುರಾಗಿ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಕ್ಕ ಆಟೋದಲ್ಲಿ ಹಿಂದೆ ಬಂದರು.

ಅಕ್ಕನ ಮನೆಯಲ್ಲಿ ಕೆಲವು ದಿನ ಬರೀ ಮಲಗಿದ್ದೆ. ಲಿಥಿಯಂ ರಕ್ತಕ್ಕೆ ಹತ್ತುತ್ತಿದ್ದಂತೆ ತಲೆಯೊಳಗಿನ ಸದ್ದು ಮೆಲ್ಲಮೆಲ್ಲಗೆ ಕಡಿಮೆಯಾಯಿತು. ಅದರ ಜೊತೆ ನಡುಕವೂ ವಾಪಸು ಬಂತು. ಅಂದು ಅತ್ತುಬಿಟ್ಟೆ. ಇಷ್ಟೆಲ್ಲ ಮಾಡಿ ಮತ್ತೆ ಇಲ್ಲಿಗೇ ಬಂದೆನಲ್ಲ ಅನ್ನಿಸಿತು. ಇಷ್ಟು ವರ್ಷ ನಾನು ನಡುಕದ ಬಗ್ಗೆ ಡಾಕ್ಟರಿಗೆ ದೂರಿದ್ದೇ ಇಲ್ಲ. ದೂರಿದರೆ ಮನೆಯವರ ವಾದ ಗೆದ್ದಂತೆ ಎಂಬ ಹಟ. ಈ ಸಲ ಹೇಳಿದೆ. ಡಾಕ್ಟರು ಲಿಥಿಯಂನಲ್ಲೇ ನಿಧಾನವಾಗಿ ಕರಗುವ ಬಗೆಯ ಮಾತ್ರೆಗೆ ಬದಲಾಯಿಸಿದರು, ನಡುಕಕ್ಕೆಂದೇ ಸಣ್ಣದೊಂದು ಮಾತ್ರೆ ಸೇರಿಸಿದರು, ಕಾಫಿ ಕಡಿಮೆ ಮಾಡಿ ಎಂದರು. ಕಾಫಿಯದೇ ಕಷ್ಟವಾಯಿತು. ನಡುಕ ಪೂರ್ತಿ ಹೋಗಲಿಲ್ಲ, ಅರ್ಧಕ್ಕಿಳಿಯಿತು.

ಕೆಲಸಕ್ಕೆ ಮರಳಿದ ದಿನ ಹಳೆಯ ಪಿಂಗಾಣಿಯನ್ನೆಲ್ಲ ತೆಗೆದು ಲೋಹದವರೆಗೂ ಬಂದೆ. ನನ್ನ ಕಣ್ಣಿನ ಮೇಲೆ ನನಗೆ ಇನ್ನೂ ಪೂರ್ತಿ ಭರವಸೆ ಬಂದಿರಲಿಲ್ಲವಾಗಿ, ಪ್ರತಿ ಪದರಕ್ಕೂ ಅಕ್ಕನನ್ನು ಕರೆದು ತೋರಿಸಿದೆ. ಬುಡಕ್ಕೆ ಜೇನುಬಣ್ಣ, ತುದಿಗೆ ಬೂದು. ಎಡಗಡೆಯ ಹಲ್ಲನ್ನು ಪಕ್ಕದ್ದರ ಮೇಲೆ ಏರಿಸಿ ಕೂರಿಸುವುದು ನೆಟ್ಟಗೆ ಕೂರಿಸುವುದಕ್ಕಿಂತ ಕಷ್ಟ. ಒಮ್ಮೆ ಕುಲುಮೆಯಿಂದ ಬಿರುಕು ಬಿಟ್ಟು ಬಂತು, ಇನ್ನೊಮ್ಮೆ ಏರಿದ್ದು ಜಾಸ್ತಿಯಾಗಿ ಉಜ್ಜಬೇಕಾಯಿತು. ಕೊನೆಗೆ ಕೂದಲೆಳೆಯ ಬ್ರಷ್ಷಿನಲ್ಲಿ, ಕೆಳಗಿನ ಹಲ್ಲಿನಲ್ಲಿರುವಂಥದೇ ಒಂದು ಮಾಸಲು ಗೆರೆ ಎಳೆದೆ. ಮೊಣಕೈ ಬೆಂಚಿಗೆ ಊರಿ, ಉಸಿರು ಹಿಡಿದು.

ಕೂರಿಸುವ ದಿನ ಮಾಲೀಕರು ನನ್ನನ್ನೂ ಕ್ಲಿನಿಕ್ಕಿಗೆ ಕಳಿಸಿದರು. ಕಂಡಕ್ಟರ್ ಕನ್ನಡಿ ಹಿಡಿದು ತುಟಿ ಎತ್ತಿ ನೋಡಿದರು, ನಾಲಿಗೆಯಿಂದ ಆ ಏರಿದ ಹಲ್ಲನ್ನು ಮುಟ್ಟಿ ನೋಡಿದರು. "ಇವು ನನ್ವೇ," ಎಂದರು. ಡೆಂಟಿಸ್ಟು ಏನಾದರೂ ಮಾತಾಡಿ ನೋಡಿ ಎಂದಾಗ, ಕುರ್ಚಿಯಲ್ಲೇ ನೆಟ್ಟಗೆ ಕೂತು ಕಾಮಾಕ್ಷಿಪಾಳ್ಯದಿಂದ ಸುಂಕದಕಟ್ಟೆಯವರೆಗಿನ ಸ್ಟಾಪುಗಳನ್ನು ಒಂದೇ ಉಸಿರಿಗೆ ಕೂಗಿದರು. ಹೊರಗೆ ಕಾಯುತ್ತಿದ್ದವರು ಬಾಗಿಲು ತೆರೆದು ಇಣುಕಿ ನೋಡಿದರು.

ಮನೆಯ ವಿಷಯ ಅಷ್ಟು ಬೇಗ ಕೂಡಿಬರಲಿಲ್ಲ. ಕೆಂಗೇರಿಯವರಿಗೆ ಅಣ್ಣ ಏನು ಹೇಳಿದನೋ, ಅವರು ಬರಲಿಲ್ಲ. ಹಗುರಾಯಿತು, ಸ್ವಲ್ಪ ಚುಚ್ಚಿತು ಕೂಡ. ಅಣ್ಣ ತಿಂಗಳುಗಟ್ಟಲೆ ನನ್ನೊಂದಿಗೆ ಮಾತು ಬಿಟ್ಟ. ಈಗ ಭಾನುವಾರ ಹೋದರೆ ಬಾ ಎನ್ನುತ್ತಾನೆ, ಮಾತ್ರೆಯ ವಿಷಯದಲ್ಲಿ ಅವನ ಅಭಿಪ್ರಾಯ ಬದಲಾಗಿಲ್ಲ. ಬದಲಾಯಿಸುವ ಕೆಲಸವನ್ನು ನಾನೂ ಬಿಟ್ಟಿದ್ದೇನೆ. ಅಕ್ಕನ ಮನೆಯ ಕೋಣೆಯನ್ನು ಬಾಡಿಗೆಗೆ ತೆಗೆದುಕೊಂಡು ಅಲ್ಲೇ ಉಳಿದಿದ್ದೇನೆ.

ಅಮ್ಮ ದಿನಾ ಫೋನು ಮಾಡುತ್ತಿದ್ದಳು, ಊಟದ ವಿಷಯ ಬಿಟ್ಟು ಬೇರೆ ಮಾತಿಲ್ಲ. ಒಂದು ದಿನ, ಸಾರಿಗೆ ಏನು ಹಾಕಿದ್ದೀರಿ ಎಂದು ಕೇಳಿದವಳು ಅದೇ ಉಸಿರಿನಲ್ಲಿ, "ನಿಮ್ ಡಾಕ್ಟ್ರ ಹತ್ರ ನಾನೂ ಒಂದ್ಸಲ ಬರ್ಲಾ?" ಎಂದಳು.

ಬಂದಳು. ಒಳ್ಳೆಯ ಸೀರೆ ಉಟ್ಟು, ಮದುವೆಗೆ ಹೊರಟವಳ ಹಾಗೆ. ಅವಳಿಗೆ ಕೇಳಬೇಕಾದ್ದು ಒಂದೇ ಇತ್ತು: ಈ ಮಾತ್ರೆ ಕಿಡ್ನಿ ತಿನ್ನುತ್ತದಂತೆ ಹೌದೇ? ಎದುರುಮನೆಯವರು ಡಯಾಲಿಸಿಸ್‌ಗೆ ಓಡಾಡಿ ಸತ್ತದ್ದನ್ನು ಅವಳು ಹತ್ತಿರದಿಂದ ನೋಡಿದ್ದಳು. ಅಷ್ಟು ದಿನ ಮಾತ್ರೆ ಕೈಗೆ ಹಾಕುವಾಗಲೆಲ್ಲ ಅವಳಿಗೆ ಅದೇ ಕಾಣುತ್ತಿತ್ತಂತೆ, ಅಣ್ಣ ನಿಲ್ಲಿಸು ಎಂದಾಗ ಮಾತ್ರೆ ಬದಲಾಯಿಸಿದ್ದೂ ಅದಕ್ಕೇ ಅಂತೆ. ಡಾಕ್ಟರು ಭಯ ಸುಳ್ಳೆನ್ನಲಿಲ್ಲ. ಅದಕ್ಕೇ ಆಗಾಗ ಪರೀಕ್ಷೆ ಮಾಡಿಸುತ್ತೇವೆ ಎಂದು ನನ್ನ ವರದಿಗಳನ್ನು ತೆಗೆದು, ಕಿಡ್ನಿ ಚೆನ್ನಾಗಿದೆ ಎಂದು ಅವಳಿಗೆ ಅರ್ಥವಾಗುವಂತೆ ತೋರಿಸಿದರು. ನಾನೇನು ಮಾಡಬೇಕು ಹೇಳಿ ಎಂದು ಅಮ್ಮ ಕೇಳಿದಾಗ, ನಿಮ್ಮ ಮಗಳನ್ನೇ ಕೇಳಿ ಎಂದರು.

ಅಮ್ಮ ನನ್ನ ಕಡೆ ತಿರುಗಿದಳು. ಇಷ್ಟು ವರ್ಷದಲ್ಲಿ ಅವಳು ಅದನ್ನು ನನ್ನನ್ನು ಕೇಳಿರಲಿಲ್ಲ.

"ನಾನು ಜೋರಾಗಿ ನಕ್ರೆ, ಇವಳಿಗೆ ಮತ್ತೆ ಶುರುವಾಯ್ತಾ ಅಂತ ಮುಖ ನೋಡ್ಬೇಡಮ್ಮ. ನೀನೂ ನಗು. ಅನುಮಾನ ಬಂದ್ರೆ ಬಾಯ್ಬಿಟ್ಟು ಕೇಳು, ಹೇಳ್ತೀನಿ," ಎಂದೆ.

ಕ್ಲಿನಿಕ್ಕಿನಿಂದ ಹೊರಬಂದು ಪಕ್ಕದ ದರ್ಶಿನಿಯಲ್ಲಿ ಇಡ್ಲಿ ತಿನ್ನಲು ನಿಂತೆವು. ಅಮ್ಮ ಇಡ್ಲಿಯನ್ನು ಸಾಂಬಾರಿನಲ್ಲಿ ಅದ್ದುತ್ತಾ, ನಾನು ಮನೆ ಬಿಟ್ಟ ಹೊಸದರಲ್ಲಿ ಬೀದಿಯವರಿಗೆಲ್ಲ ಏನು ಹೇಳಿದ್ದಳೆಂದು ತಾನಾಗಿಯೇ ಶುರುಮಾಡಿದಳು. ಮಗಳು ಧರ್ಮಸ್ಥಳಕ್ಕೆ ಹೋಗಿದ್ದಾಳೆ ಎಂದಿದ್ದಳಂತೆ. ವಾರ ಕಳೆದರೂ ಬಾರದಿದ್ದಾಗ ಸುಬ್ರಹ್ಮಣ್ಯ ಸೇರಿಸಿದಳು, ಆಮೇಲೆ ಶೃಂಗೇರಿ. ಕೊನೆಗೆ ಪ್ರಸಾದ ಎಲ್ಲಿ ಎಂದು ಒಬ್ಬೊಬ್ಬರೇ ಕೇಳತೊಡಗಿದಾಗ ಮಾಗಡಿ ರಸ್ತೆಯ ಬೇಕರಿಯಿಂದ ಲಾಡು ತಂದು, ಕುಂಕುಮದ ಪೊಟ್ಟಣದ ಜೊತೆ ಮನೆಮನೆಗೂ ಹಂಚಿ ಬಂದಳಂತೆ. ಎಲ್ಲರೂ ಕಣ್ಣಿಗೊತ್ತಿಕೊಂಡು ತಿಂದರಂತೆ.

ನನಗೆ ನಗು ತಡೆಯಲಾಗಲಿಲ್ಲ. ಅಕ್ಕಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕೆ. ಅಮ್ಮನ ಕಣ್ಣು ಅಭ್ಯಾಸದಂತೆ ನನ್ನ ಮುಖದ ಮೇಲೆ ಬಂತು, ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು, ನಗತೊಡಗಿದಳು.